ಪುಟ್ಟ ಗ್ರೈಂಡರ್ ಮತ್ತು ಪಾರ್ವತಮ್ಮನ ಕಾಲುಂಗುರ

ನನ್ನ ಗಂಡ ದೇವರಾಜು ಯಾವುದನ್ನೂ ಥಟ್ಟನೆ ಕೊಂಡವರಲ್ಲ. ಒಂದು ಬಕೆಟ್ ಬೇಕೆಂದರೂ ನಾಲ್ಕು ಅಂಗಡಿ ಹತ್ತಿಳಿದು, ತಳ ತಟ್ಟಿ, ಹಿಡಿ ಜಗ್ಗಿ ನೋಡಿ, ಕೊನೆಗೆ ಬರಿಗೈಯಲ್ಲಿ ಬಂದು "ಹಳೇದೇ ಇನ್ನೂ ಗಟ್ಟಿಯಾಗೈತೆ" ಎನ್ನುವ ಮನುಷ್ಯ. ಮಾಲೂರು ಕಡೆಯಿಂದ ಹೊಸೂರಿಗೆ ಬಂದು ಫ್ಯಾಕ್ಟರಿಯ ಟೂಲ್ ರೂಮಿನಲ್ಲಿ ಲೋಹ ಉಜ್ಜುವ ಗ್ರೈಂಡಿಂಗ್ ಮಷೀನಿನ ಮುಂದೆ ನಿಂತವರು ಇಂದಿಗೂ ಅಲ್ಲೇ ನಿಂತಿದ್ದಾರೆ. ಅಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮಾಡಿದ ಕೆಲಸ ವಾಪಸ್ ಬರುತ್ತದಂತೆ. ಆ ಅಳೆದೂ ಸುರಿದೂ ನೋಡುವ ಚಾಳಿ ಸಂಸಾರಕ್ಕೂ ಅಂಟಿಕೊಂಡಿದೆ.

ಹೋದ ವರ್ಷ ಅವರ ಕಣ್ಣು ಒಂದು ಪುಟ್ಟ ಗ್ರೈಂಡರ್ ಮೇಲೆ ಬಿತ್ತು. ಟಾರ್ಚಿನಷ್ಟೇ ದಪ್ಪ, ಒಂದು ಕೈಯಲ್ಲಿ ಹಿಡಿಯಬಹುದು. ಮೂತಿಗೆ ಬೇಕಾದ ಬಿಲ್ಲೆ ಸಿಕ್ಕಿಸಿದರೆ ಕೊಯ್ಯುತ್ತದೆ, ಉಜ್ಜುತ್ತದೆ, ತೂತು ಕೊರೆಯುತ್ತದೆ. ಭಾನುವಾರ ಬಂತೆಂದರೆ ಹೊಸೂರು ಬಜಾರಿನ ಹಾರ್ಡ್‌ವೇರ್ ಅಂಗಡಿಗೆ ಹೋಗುವುದು, ಅದನ್ನು ಕೈಗೆತ್ತಿಕೊಂಡು ಒಂದು ಸಲ ತಿರುಗಿಸಿ ನೋಡುವುದು, ಮತ್ತೆ ಡಬ್ಬಿಗಿಟ್ಟು ಬರುವುದು.

"ಬಚ್ಚಲ ಟೈಲ್ಸ್ ಮೂಲೆ ಕೊಯ್ಬೋದು, ಬಾಗಿಲಿನ ತುಕ್ಕು ಸ್ಕ್ರೂ ತೆಗೀಬೋದು, ಈಳಿಗೆಮಣೆ ಸಾಣೆ ಹಿಡೀಬೋದು ಕಣೆ ಆದಿಲಕ್ಷ್ಮಿ."

"ಈಳಿಗೆಗೆ ಸಾಣೆಕಲ್ಲು ಐತೆ, ಸ್ಕ್ರೂಗೆ ನಿಮ್ ಕೈ ಐತೆ. ಇಡೀ ದಿನ ಗ್ರೈಂಡರ್ ಮುಂದೆ ನಿಂತ್ಕೊಂಡಿದ್ದು ಸಾಲ್ದಾ? ಮನೆಗೂ ಒಬ್ಳು ಸವತೀನ ತರಬೇಕಾ?" ಎಂದೆ. ನಾನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅವರು ತಲೆ ಕೆರೆದುಕೊಂಡರು, ಮುಂದಿನ ಭಾನುವಾರ ಮತ್ತೆ ಅದೇ ಅಂಗಡಿಗೆ ಹೋದರು.

ನಾವಿರುವುದು ಹೊಸೂರಿನ ಮತ್ತಿಗಿರಿಯಲ್ಲಿ, ಶ್ಯಾಮಣ್ಣ ಮತ್ತು ಪಾರ್ವತಮ್ಮನವರ ಮಹಡಿಯ ಮೇಲೆ. ಬಾಡಿಗೆಯವರು ಎನ್ನುವುದು ಬರೀ ಹೆಸರಿಗೆ. ನನ್ನ ಹೆರಿಗೆಯ ಹೊತ್ತಿಗೆ ನನಗೆ ತಾಯಿ ಇರಲಿಲ್ಲ, ಅತ್ತೆಗೆ ಹಾಸಿಗೆಯಿಂದ ಏಳಲು ಆಗುತ್ತಿರಲಿಲ್ಲ. ಪಾರ್ವತಮ್ಮನೇ ಕೆಳಗಿನಿಂದ ಬಿಸಿನೀರು ಹೊತ್ತು ತಂದು ನನಗೆ ಎರೆದರು, ಸೊಂಟಕ್ಕೆ ಬಟ್ಟೆ ಬಿಗಿದರು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಮೀಯಿಸಿದರು. ನಾನು ಅಮ್ಮನನ್ನು ನೆನೆದು ಅತ್ತರೆ "ಬಾಣಂತಿ ಅಳಬಾರ್ದು, ಸುಮ್ಕಿರು ಮಗಾ" ಎಂದು ಗದರಿ, ಅವರೇ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಋಣ ತೀರುವಂಥದ್ದಲ್ಲ.

ಈ ಪಾರ್ವತಮ್ಮ ತಳಿ ಎಂಬ ಊರಿನ ಕಡೆ ಇರುವ ತಮ್ಮದೇ ಹೂವಿನ ತೋಟದಲ್ಲಿ ಕಲ್ಲು ಎಡವಿದರು. ಕಾಲ್ಬೆರಳು ಊದಿದರೂ ಯಾರಿಗೂ ಹೇಳದೆ, ಅರಿಶಿನ ಮೆತ್ತಿಕೊಂಡು ಓಡಾಡಿದರು. ಕಾಲುಂಗುರ ಮಾಂಸದಲ್ಲಿ ಹೂತುಹೋದ ಮೇಲಷ್ಟೇ ನಮ್ಮ ಕಣ್ಣಿಗೆ ಬಿದ್ದದ್ದು. ಮದುವೆಯಲ್ಲಿ ಹಾಕಿದ ಗಟ್ಟಿ ಬೆಳ್ಳಿಯ ಉಂಗುರ. ಬಳೆಯ ಹಾಗೆ ಸುತ್ತಲೂ ಮುಚ್ಚಿಕೊಂಡಿದೆ, ಅಗಲಿಸಲು ಎಲ್ಲೂ ಬಿರುಕಿಲ್ಲ. ಸೋಪು, ಎಣ್ಣೆ, ದಾರ ಎಲ್ಲ ಪ್ರಯತ್ನಿಸಿದ್ದಾಯಿತು. ಡಾಕ್ಟರು ನೋಡಿ, ಸಕ್ಕರೆ ಕಾಯಿಲೆಯವರು ನೀವು, ಇವತ್ತೇ ಉಂಗುರ ಕೊಯ್ಯಿಸದಿದ್ದರೆ ಬೆರಳು ಉಳಿಯುವುದಿಲ್ಲ, ದೊಡ್ಡಾಸ್ಪತ್ರೆಗೆ ಹೋಗಿ ಎಂದರು. ಪಾರ್ವತಮ್ಮ ನೇರ ಮನೆಗೆ ಬಂದು ಜಗಲಿಯ ಮೇಲೆ ಕೂತುಬಿಟ್ಟರು.

"ಬೆರಳು ಹೋದ್ರೆ ಹೋಗ್ಲಿ. ಆವಪ್ಪ ಇರೋಗಂಟ ಕಾಲುಂಗುರ ತೆಗೆಯಾಕಿಲ್ಲ."

ಶ್ಯಾಮಣ್ಣನಿಗೆ ಆಗಷ್ಟೇ ಹೃದಯದ ಆಪರೇಷನ್ ಆಗಿತ್ತು. ನಮ್ಮಲ್ಲಿ ಗಂಡ ಸತ್ತಾಗಲೇ ಹೆಂಗಸಿನ ಕಾಲುಂಗುರ ತೆಗೆಯುವುದು. ಅದು ಬೆರಳಿನಿಂದ ಇಳಿದ ಗಳಿಗೆಯಲ್ಲೇ ಗಂಡನಿಗೆ ಏನಾದರೂ ಆಗಿಬಿಟ್ಟರೆ ಎಂಬ ಭಯ ಆಕೆಗೆ. ಶ್ಯಾಮಣ್ಣ ಬೈದರು, ಆಮೇಲೆ ಕೈಮುಗಿದರು. ನಾನೂ ಕೂಗಾಡಿದೆ. ಆಕೆ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

ಶಿಫ್ಟ್ ಮುಗಿಸಿ ಬಂದ ನನ್ನ ಗಂಡ ಕುಕ್ಕರುಗಾಲಲ್ಲಿ ಕೂತು ಆ ಬೆರಳನ್ನೇ ನೋಡಿದರು.

"ಅಮ್ಮಾ, ಹಳೇದು ತೆಗೆಯೋಕ್ ಮುಂಚೇನೇ ಶ್ಯಾಮಣ್ಣನೋರೇ ಪಕ್ಕದ ಬೆರಳಿಗೆ ಹೊಸದು ಹಾಕ್ಬುಟ್ರೆ? ಕಾಲು ಒಂದ್ ಗಳಿಗೇನೂ ಬರಿದಾಗಾಕಿಲ್ವಲ್ಲ?"

ಪಾರ್ವತಮ್ಮ ಒಮ್ಮೆ ಬೆರಳನ್ನು, ಒಮ್ಮೆ ಗಂಡನ ಮುಖವನ್ನು ನೋಡಿದರು. "ಆಸ್ಪತ್ರೇಲಿ ಅದ್ಕೆಲ್ಲ ಯಾರ್ ಕಾಯ್ತಾರ್ಲಾ? ಅಲ್ಲಿ ಈವಪ್ಪನ್ನ ಒಳಗೂ ಬಿಡಾಕಿಲ್ಲ. ಮನೇಲಿ ನೀನೇ ಕೊಯ್ಯೋದಾದ್ರೆ ಕೊಯ್ಯಿ. ಬ್ಯಾರೆಯೋರು ಬ್ಯಾಡ."

ಫ್ಯಾಕ್ಟರಿಯ ಟೂಲ್ ಒಂದನ್ನೂ ಗೇಟು ದಾಟಿಸುವಂತಿಲ್ಲ. ಮನೆಯಲ್ಲಿದ್ದ ಗರಗಸ ಆ ಸಂದಿಗೆ ಆಗುವಂಥದ್ದಲ್ಲ. "ಈಗ್ ಬತ್ತೀನಿ" ಎಂದು ಬೈಕ್ ಹತ್ತಿದರು. ಅವರನ್ನು ಕಂಡೊಡನೆ ಅಂಗಡಿಯವನು "ವಾಂಗ ಸಾರ್, ಬನ್ನಿ, ಇವತ್ತೂ ನೋಡೋಕೇನಾ?" ಎಂದನಂತೆ. ಇವರು ಬೆಲೆ ಕೇಳಲಿಲ್ಲ, ಬೇರೆ ಕಂಪನಿಯದು ತೋರಿಸು ಅನ್ನಲಿಲ್ಲ. ಗ್ರೈಂಡರ್ ಎತ್ತಿಕೊಂಡು, ದಾರಿಯಲ್ಲಿ ಒಂದು ತೆಳ್ಳನೆಯ ಕಾಲುಂಗುರವನ್ನೂ ಕೊಂಡು ಬಂದರು. ನಮ್ಮ ಮದುವೆಯಾದ ಮೇಲೆ ನಾನು ಕಂಡ ಮೊದಲ ಪವಾಡ ಅದು.

ಶ್ಯಾಮಣ್ಣ ನೆಲಕ್ಕೆ ಕೂತು, ಹೆಂಡತಿಯ ಪಾದಕ್ಕೆ ಅರಿಶಿನ ಹಚ್ಚಿ, ಪಕ್ಕದ ಬೆರಳಿಗೆ ಹೊಸ ಉಂಗುರ ತೊಡಿಸಿದರು. ನನ್ನ ಗಂಡ ಚರ್ಮಕ್ಕೂ ಬೆಳ್ಳಿಗೂ ನಡುವೆ ಕಾಗದದಂಥ ಉಕ್ಕಿನ ಪಟ್ಟಿಯೊಂದನ್ನು ಮೆಲ್ಲಗೆ ತೂರಿಸಿದರು. "ಸುಡ್ತು ಅನ್ನಿಸಿದ್ರೆ ಕೂಗ್ಬುಡಿ, ನಿಲ್ಲಿಸ್ಬುಟ್ಟು ಸೀದಾ ಆಸ್ಪತ್ರೆಗೇ ಹೋಗಾಣ" ಎಂದು ಗ್ರೈಂಡರ್ ಹಾಕಿದರು. ನಾನು ಕಾಲನ್ನು ಅದುಮಿ ಹಿಡಿದೆ. ಬಿಲ್ಲೆ ಚೂರು ಮುಟ್ಟಿಸುವುದು, ತೆಗೆಯುವುದು, ಒದ್ದೆ ಹತ್ತಿ ಇಟ್ಟು ತಣ್ಣಗೆ ಮಾಡುವುದು, ಮತ್ತೆ ಮುಟ್ಟಿಸುವುದು. ಅವರ ಹಣೆಯ ಬೆವರು ಮೂಗಿನ ತುದಿಗೆ ಇಳಿದಿತ್ತು, ಬಿಲ್ಲೆ ಮಾತ್ರ ಗೆರೆ ಬಿಟ್ಟು ಕದಲಲಿಲ್ಲ. ಅಳೆದೂ ಸುರಿದೂ ನೋಡುವ ಗಂಡನನ್ನು ಕೊಟ್ಟಿದ್ದಕ್ಕೆ ಆ ಹೊತ್ತು ನಾನು ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದೆ. ಒಂದು ಕಡೆ ಕೊಯ್ದು, ಇನ್ನೊಂದು ಕಡೆಯೂ ಕೊಯ್ದ ಮೇಲೆ ಉಂಗುರ ಎರಡು ಹೋಳಾಗಿ ನೆಲಕ್ಕೆ ಬಿತ್ತು.

ಪಾರ್ವತಮ್ಮ ಕಾಲಿನ ಕಡೆ ತಿರುಗಿಯೂ ನೋಡಲಿಲ್ಲ. ಅಷ್ಟು ಹೊತ್ತೂ ಅವರ ಅಂಗೈ ಪಕ್ಕದಲ್ಲಿ ಕೂತ ಗಂಡನ ಎದೆಯ ಮೇಲೇ ಇತ್ತು.

"ಏನೂ ಆಗ್ತಾ ಇಲ್ವಾ ನಿಂಗೆ?"

"ನೀನ್ ಹಿಂಗ್ ಅದುಮ್ಕೊಂಡಿದ್ರೆ ಉಸ್ರು ಕಟ್ತದೆ ಅಷ್ಟೇಯ, ತೆಗಿಯೇ ಕೈಯ" ಎಂದರು ಶ್ಯಾಮಣ್ಣ. ಆಕೆ ನಕ್ಕರು. ನಗುತ್ತಲೇ ಅತ್ತರು. ನಾನೂ ಅತ್ತೆ.

ಆಮೇಲೆ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಬೆರಳಿಗೆ ಮತ್ತೆ ರಕ್ತ ಹರಿಯುತ್ತಿದೆ, ಭಯವಿಲ್ಲ ಎಂದು ಡಾಕ್ಟರು ಪಟ್ಟಿ ಕಟ್ಟಿ ಕಳಿಸಿದರು.

ಮನೆಗೆ ಬಂದು ಗ್ರೈಂಡರನ್ನು ಒರೆಸುತ್ತಾ ನನ್ನ ಗಂಡ ಮತ್ತೆ ಹಳೆಯ ರಾಗ ತೆಗೆದರು. "ವಾರದೊಳಗೆ ತಂದ್ರೆ ವಾಪಸ್ ತಗೋತೀನಿ ಅಂದವ್ನೆ ಅಂಗಡಿಯೋನು. ನೀನ್ ಹೇಳಿದ್ದೂ ಸರೀನೇ, ಮನೇಲಿ ಇದ್ಕೇನ್ ಅಂಥಾ ಕೆಲ್ಸ? ಕೊಟ್ಬುಡಾನಾ?"

"ಬ್ಯಾಡ, ಇರ್ಲಿ."

"ಯಾವ್ ಕೆಲ್ಸಕ್ಕೆ?"

"ಇವತ್ತು ಮಾಡಿದ್ ಕೆಲ್ಸಕ್ಕೆ" ಎಂದೆ.