ಎರಡು ಪಿಂಚಣಿಗೆ ಒಂದೇ ಮುಖ

ಹೇಳಿಬಿಡುತ್ತೇನೆ, ಆರು ವರ್ಷ ನಾನು ರೈಲ್ವೆಯ ಕಣ್ಣಿಗೆ ಮಣ್ಣೆರಚಿದೆ. ಎರಚಿದೆ ಅಂತ ನಾನು ತಿಳಿದುಕೊಂಡಿದ್ದೆ, ಅಷ್ಟೆ.

ಪುತ್ತೂರಿನ ಹತ್ತಿರ ರೈಲ್ವೆ ಗೇಟು ಹಾಕಿ ತೆಗೆದವಳು ನಾನು. ಗಂಡ ಅದೇ ಲೈನಿನಲ್ಲಿ ಹಳಿ ಸರಿಪಡಿಸುವ ಗ್ಯಾಂಗ್‌ಮನ್. ರಿಟೈರಾದ ಮೇಲೆ ಇಬ್ಬರಿಗೂ ಪಿಂಚಣಿ. ಅವರು ತೀರಿಹೋದರು, ಅವರದ್ದರಲ್ಲಿ ಒಂದು ಪಾಲು ನನಗೆ ಬರತೊಡಗಿತು. ಆಮೇಲೆ ದುಬೈಗೆ ಬಂದೆ, ಸತ್ವಾದಲ್ಲಿ ಬಟ್ಟೆ ಹೊಲಿಯುವ ಮಗಳು ಸುಜಾತಳ ಮನೆಗೆ.

ಹೊರಡುವಾಗ ಊರಿನ ಒಬ್ಬ ಬುದ್ಧಿವಂತ ಹೇಳಿದ್ದ: "ಒಂದೇ ಬಾಯಿಗೆ ರೈಲ್ವೆ ಎರಡು ಪಿಂಚಣಿ ಕೊಡುವುದಿಲ್ಲ. ಗೊತ್ತಾದರೆ ಗಂಡನದ್ದು ಕಟ್. ಕೊಟ್ಟದ್ದೂ ವಾಪಸ್." ಎರಡನೇ ಕ್ಲಾಸು ಕಲಿತವಳಿಗೆ ಹೆದರಿಕೆ ಬೇಗ ಅರ್ಥವಾಗುತ್ತದೆ, ಕಾನೂನು ತಡವಾಗಿ. ಗಂಡನದ್ದು ನಿಂತರೆ ಮದ್ದಿಗೂ ಅಳಿಯನ ಮುಂದೆ ಕೈಚಾಚಬೇಕು. ಅಳಿಯ ಒಳ್ಳೆಯವನೇ. ಒಳ್ಳೆಯವರ ಮುಂದೆ ಕೈಚಾಚುವುದು ಇನ್ನೂ ಕಷ್ಟ.

ಪ್ರತಿ ನವೆಂಬರಿನಲ್ಲಿ ಬದುಕಿದ್ದೇನೆ ಅಂತ ಮೊಬೈಲಿಗೆ ಮುಖ ತೋರಿಸಿ ಕಣ್ಣು ಮಿಟುಕಿಸಬೇಕು, ಒಂದೊಂದು ಪಿಂಚಣಿಗೆ ಒಂದೊಂದು ಸಲ. ಗಂಡ ಸತ್ತ ಮೇಲೂ ಬೊಟ್ಟು ಇಡುವವಳು ನಾನು. ನನ್ನ ಪಿಂಚಣಿಗೆ ಆ ಬೊಟ್ಟು, ಮೂಗುತಿ, ಹಸಿರು ಸೀರೆ. ಅವರದ್ದಕ್ಕೆ ಬೋಳು ಹಣೆ, ಬಿಳಿ ಸೀರೆ, ತಲೆಯ ಮೇಲೆ ಸೆರಗು. ಇಬ್ಬರೂ ಒಬ್ಬಳೇ ಅಂತ ಮೆಷಿನಿಗೆ ತಿಳಿಯಬಾರದಲ್ಲ! "ಅಮ್ಮಾ, ಅದಕ್ಕೆ ನಿನ್ನ ಮುಖ ಸಾಕು, ಸೀರೆ ಯಾಕೆ?" ಎಂದು ಸುಜಾತ ನಗುತ್ತಿದ್ದಳು. ಕಾರಣ ಅವಳಿಗೂ ಹೇಳಿರಲಿಲ್ಲ.

ಕಳೆದ ವರ್ಷ ಈ ವೇಷ ಪಕ್ಕದ ಕೋಣೆಯ ಐಸಮ್ಮನ ಕಣ್ಣಿಗೆ ಬಿತ್ತು. ಬಂಟ್ವಾಳದ ಬ್ಯಾರಿ ಹೆಂಗಸು, ಮಂಗಳೂರಿನ ರೈಲ್ವೆ ಆಫೀಸಿನಲ್ಲಿ ಪಿಂಚಣಿ ಕಾಗದ ನೋಡಿಯೇ ರಿಟೈರಾಗಿ, ನನ್ನ ಹಾಗೇ ಮಕ್ಕಳ ಮನೆಗೆ ಬಂದವಳು.

"ಇದೆಂತ ಗಿರಿಜಕ್ಕ, ಯಕ್ಷಗಾನವಾ?"

ಬಾಯಿಬಿಟ್ಟೆ. ಐಸಮ್ಮ ಮತ್ತೆ ನಗಲಿಲ್ಲ, ಅಯ್ಯೋ ಪಾಪ ಅಂತಲೂ ಅನ್ನಲಿಲ್ಲ. ಇದಕ್ಕೇ ನನಗೆ ಅವಳ ಮೇಲೆ ಗೌರವ. ನನ್ನ ಕಾಗದಗಳನ್ನೆಲ್ಲ ತರಿಸಿ, ಸಾಲುಸಾಲಿಗೂ ಬೆರಳಿಟ್ಟು ಓದಿದಳು.

"ನಿಮ್ಮದು ನೀವು ದುಡಿದದ್ದಕ್ಕೆ. ಅವರದ್ದು ಅವರು ದುಡಿದದ್ದಕ್ಕೆ. ಒಂದು ಇನ್ನೊಂದನ್ನು ತಿನ್ನುವುದಿಲ್ಲ ಮಾರಾಯ್ರೆ. ಅಮೆರಿಕದ ರೈಲ್ವೆಯಲ್ಲಿ ಹೆಂಡತಿಗೆ ಸ್ವಂತ ಪಿಂಚಣಿ ಇದ್ದರೆ ಗಂಡನ ಕಡೆಯ ಪಾಲಿನಿಂದ ಅದನ್ನು ಕಳೆಯುತ್ತಾರಂತೆ, ನಮ್ಮಲ್ಲಿ ಇಲ್ಲ. ಆಫೀಸಿಗೇ ಬರೆದು ಕೇಳುವ."

"ಬೇಡ. ಇರುವುದೂ ಹೋದೀತು."

"ಹೋದರೆ ನನ್ನದರಲ್ಲಿ ಅರ್ಧ ನಿಮಗೆ. ಸಹಿ ಹಾಕಿ, ಖಲಾಸ್."

ಎರಡೂ ತೆಗೆದುಕೊಳ್ಳುತ್ತಿದ್ದೇನೆ ಎಂದು ಬರೆಸಿ ಸಹಿ ಹಾಕಿದೆ. ತಿಂಗಳು ಕಳೆದು ಉತ್ತರ ಬಂತು: ಎರಡೂ ನಿಮಗೆ ಸಲ್ಲುತ್ತವೆ. ಅವರಿಗೆ ಮೊದಲೇ ಗೊತ್ತಿತ್ತಂತೆ. ಎರಡು ಫೈಲಿನಲ್ಲೂ ನನ್ನದೇ ಹೆಸರು, ನನ್ನದೇ ಫೋಟೊ!

ರೈಲ್ವೆಯನ್ನೂ ಮೆಚ್ಚಬೇಕು. ಮದುವೆಯಾದಂದಿನಿಂದ ಊರಿಗೆಲ್ಲ ನಾನು ಗ್ಯಾಂಗ್‌ಮನ್ನನ ಹೆಂಡತಿ, ನಾನು ಗೇಟು ಹಾಕಿ ನಿಲ್ಲಿಸಿದ ಬಸ್ಸಿನವರಿಗೂ. ಹೆಂಡತಿಯನ್ನು ಒಂದು ಫೈಲಿನಲ್ಲಿ, ದುಡಿದವಳನ್ನು ಇನ್ನೊಂದರಲ್ಲಿ, ಕಲಸದೆ ಇಟ್ಟದ್ದು ಅದೊಂದೇ.

"ಇನ್ನೊಂದು ಮದುವೆಯಾದರೆ ಮಾತ್ರ ಅವರದ್ದು ನಿಲ್ಲುತ್ತದೆ, ಜಾಗ್ರತೆ" ಎಂದಳು ಐಸಮ್ಮ.

ಎಪ್ಪತ್ತೆರಡನೇ ವಯಸ್ಸಿನಲ್ಲಿ ಇದೊಂದು ಎಚ್ಚರಿಕೆ! ಒಬ್ಬ ಗಂಡನಿಗೆ ಬೇಯಿಸಿ ಹಾಕಿದ್ದಕ್ಕೆ ಪಿಂಚಣಿ ಸಿಗಲು ಇಷ್ಟು ವರ್ಷ ಹಿಡಿಯಿತು. ಇನ್ನೊಬ್ಬನ ಸರ್ವಿಸು ಮುಗಿಸಲು ನನಗೆ ಆಯುಷ್ಯ ಸಾಲದು.