ಸೂಟ್‌ಕೇಸಿನ ವಿಭೂತಿ

ಕಳೆದ ವಾರ ಅಟ್ಟದ ಮೇಲಿಂದ ಹಳೆಯ ಸೂಟ್‌ಕೇಸ್ ಇಳಿಸಿದೆ. ಚಕ್ರ ಒಂದು ಹೋಗಿದೆ, ಬೀಗ ತುಕ್ಕು ಹಿಡಿದಿದೆ, ಗುಜರಿಯವನಿಗೆ ಕೊಟ್ಟುಬಿಡೋಣ ಎಂದುಕೊಂಡಿದ್ದೆ. ಕೊಡುವ ಮೊದಲು ಒಳಗೇನಾದರೂ ಉಳಿದಿದೆಯೋ ನೋಡೋಣವೆಂದು ತೆರೆದರೆ ಮೂಗಿಗೆ ಬಂದದ್ದು ವಿಭೂತಿಯ ವಾಸನೆ. ಅಸ್ತರಿನ ಹೊಲಿಗೆಯ ಸಂದಿಯಲ್ಲಿ ಬೆರಳಾಡಿಸಿದೆ. ತುದಿಗೆ ಬೆಳ್ಳಗೆ ಪುಡಿ ಅಂಟಿತು. ಇಷ್ಟು ವರ್ಷವಾದರೂ ಹೋಗಿಲ್ಲ... ಗುಜರಿಯವನಿಗೆ ಇನ್ನೊಂದು ದಿನ ಬಾಪ್ಪಾ ಎಂದು ಹೇಳಿ ಕಳಿಸಿದೆ.

ಆ ವಿಭೂತಿಯನ್ನು ಅದರೊಳಗೆ ಇಟ್ಟವರು ನಮ್ಮ ಮನೆಯ ಮಾಲೀಕರು, ವಠಾರದವರೆಲ್ಲ ಅಜ್ಜಿ ಎಂದೇ ಕರೆಯುತ್ತಿದ್ದವರು. ನನಗೆ ಅವರು ರಕ್ತಸಂಬಂಧವಲ್ಲ. ಭದ್ರಾವತಿಯ ಹಳೇನಗರದಲ್ಲಿ ಅವರ ವಠಾರವಿತ್ತು. ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿಯಾಗಿದ್ದ ನಮ್ಮಪ್ಪ ಅದರ ಕೊನೆಯ ಮನೆಯನ್ನು ಬಾಡಿಗೆಗೆ ಹಿಡಿದಿದ್ದರು. ನಮ್ಮದೂ ಅಜ್ಜಿಯದೂ ಲಿಂಗ ಕಟ್ಟುವ ಮನೆ. ಆದರೆ ನಮ್ಮ ಮನೆಯಲ್ಲಿ ಲಿಂಗಪೂಜೆ ಅವಸರದಲ್ಲಿ ಮುಗಿಯುತ್ತಿತ್ತು, ಅಜ್ಜಿಯ ಮನೆಯಲ್ಲಿ ಹಾಗಲ್ಲ. ಅವರು ಬೆಳಿಗ್ಗೆ ಸ್ನಾನ ಮಾಡಿ, ಎಡಗೈಯಲ್ಲಿ ಲಿಂಗವಿಟ್ಟುಕೊಂಡು ಕೂತರೆ ಬಾಗಿಲಲ್ಲಿ ಯಾರು ಬಂದು ನಿಂತರೂ ತಿರುಗುತ್ತಿರಲಿಲ್ಲ. ಪೂಜೆ ಮುಗಿಯದೆ ಗುಟುಕು ನೀರೂ ಕುಡಿಯುತ್ತಿರಲಿಲ್ಲ.

ಶಿವಮೊಗ್ಗದ ಕಾಲೇಜಿಗೆ ಬಸ್ಸು ಹಿಡಿಯಲು ನಾನು ಓಡುವಾಗ ಹೊಸ್ತಿಲಲ್ಲೇ ತಡೆಯುತ್ತಿದ್ದರು.

“ಪೂಜೆ ಆಯ್ತೇನೇ?”

“ಆಯ್ತಜ್ಜಿ.”

“ಎಲ್ಲಿ, ಹಣೆ ತೋರ್ಸು... ಇದು ಪೂಜೆ ಮಾಡಿದ ಹಣೆ ಅಲ್ವೇ ಮಾರಾಯ್ತಿ, ಬಸ್ಸಿಗೆ ಓಡೋ ಹಣೆ!”

ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬಸ್ಸಿನಲ್ಲಿ ನಿಂತು, ಕಂಬಿ ಹಿಡಿದುಕೊಂಡೇ ಓದಿದವಳು. ತೊಂಬತ್ತರ ದಶಕದ ಕೊನೆಯಲ್ಲಿ, ಎಂ.ಎ. ಓದುತ್ತಿದ್ದಾಗ, ಒಂದು ಸೇವಾ ಸಂಸ್ಥೆಯವರು ವಿದ್ಯಾರ್ಥಿಗಳನ್ನು ಜರ್ಮನಿಗೆ ಕಳಿಸಲು ಸಂದರ್ಶನ ನಡೆಸಿದರು. ನಾನು ಆಯ್ಕೆಯಾದೆ. ಮೊದಲ ಕೆಲವು ದಿನ ಎಲ್ಲರೂ ಒಂದು ಹಾಸ್ಟೆಲ್ಲಿನಲ್ಲಿ ತರಬೇತಿಗೆ ಇರಬೇಕು, ಆಮೇಲೆ ಒಬ್ಬೊಬ್ಬರು ಒಂದೊಂದು ಮನೆಯಲ್ಲಿ ಮನೆಯವರಂತೆ ಉಳಿಯಬೇಕು. ಅಪ್ಪ ಶಿವಮೊಗ್ಗದ ಗಾಂಧಿ ಬಜಾರಿಗೆ ಕರೆದುಕೊಂಡು ಹೋಗಿ ಈ ಸೂಟ್‌ಕೇಸನ್ನೂ ಒಂದು ದಪ್ಪ ಸ್ವೆಟರನ್ನೂ ಕೊಡಿಸಿದರು. ಸ್ವೆಟರ್ ಮಾರುವವನು, “ಜರ್ಮನಿ ಚಳಿಗೂ ಆಗುತ್ತೆ ಸಾರ್, ಗ್ಯಾರಂಟಿ” ಎಂದ. ಅವನೂ ನಮ್ಮಪ್ಪನೂ ಅಲ್ಲಿಯವರೆಗೆ ಕಂಡಿದ್ದ ಚಳಿಯೆಂದರೆ ಡಿಸೆಂಬರಿನ ಭದ್ರಾವತಿಯದು.

ಹೊರಡುವ ಹಿಂದಿನ ದಿನ ವಠಾರವೆಲ್ಲ ನಮ್ಮ ಮನೆಯಲ್ಲೇ ಇತ್ತು. ದುಬೈಗೆ ಹೋಗಿ ಬಂದಿದ್ದ ಪಕ್ಕದ ಮನೆಯ ವೆಲ್ಡರ್ ಅಣ್ಣ ನನ್ನ ಕೊರಳಲ್ಲಿದ್ದ ಬೆಳ್ಳಿ ಕರಡಿಗೆ ನೋಡಿ ತಲೆಯಾಡಿಸಿದ. ಲಿಂಗ ಇರುವುದು ಅದರೊಳಗೇ.

“ಏರ್‌ಪೋರ್ಟಲ್ಲಿ ಬಾಗಿಲ ಥರ ಒಂದು ಮಿಷನ್ ಇರುತ್ತೆ ಅಜ್ಜಿ. ಬೆಳ್ಳಿ ಕಂಡ್ರೆ ಕೂಗುತ್ತೆ. ಬಿಚ್ಚಿಸಿ ತಟ್ಟೇಲಿ ಹಾಕಿಸ್ತಾರೆ. ಕೆಲವು ಸಲ ಅಲ್ಲೇ ಇಟ್ಕೊಂಬಿಡ್ತಾರೆ.”

“ಯಾವ ತಟ್ಟೆ?”

“ಅದೇ, ಚರ್ಮದ ಬೆಲ್ಟು, ಪರ್ಸು ಎಲ್ಲ ಹಾಕೋದು.”

ಅಜ್ಜಿಯ ಮುಖ ಕಪ್ಪಿಟ್ಟಿತು. ಕರಡಿಗೆಯತ್ತ ಕೈ ತೋರಿಸಿ ಹೇಳಿದರು: “ಪೆಟ್ಟಿಗೇಲಿಡು.”

ಅಮ್ಮ ಬೆಚ್ಚಿದಳು. “ಮೈಮೇಲಿಂದ ತೆಗೀಬಾರ್ದು ಅಂತ ನೀವೇ ಹೇಳ್ತೀರಲ್ಲ ಅಜ್ಜಿ.”

“ತೆಗೀಬಾರ್ದು. ಆ ತಟ್ಟೆಗೂ ಹಾಕ್ಬಾರ್ದು. ಎರಡ್ರಲ್ಲಿ ಯಾವ್ದು ದೊಡ್ಡ ತಪ್ಪು, ನೀನೇ ಹೇಳು. ಒಂದು ದಿನ ತಾನೆ? ಇಳಿದ ಕೂಡ್ಲೆ ಸ್ನಾನ ಮಾಡಿ ಕಟ್ಕೊಳ್ಲಿ. ಅಲ್ಲೀತನಕ ಹಾಲು ಹಣ್ಣಲ್ಲಿರ್ಲಿ.”

ಕರಡಿಗೆಯನ್ನು ತಮ್ಮ ರೇಷ್ಮೆ ವಸ್ತ್ರದಲ್ಲಿ ಸುತ್ತಿ, ಬಟ್ಟೆಗಳ ನಡುವೆ ಇಟ್ಟು, ಪಕ್ಕಕ್ಕೆ ಒಂದು ವಿಭೂತಿ ಗಟ್ಟಿಯನ್ನೂ ಇಟ್ಟರು. ಆ ಹೊತ್ತಿನಿಂದ ನನ್ನ ಎದೆ ಹಗುರವೆನಿಸಿತು... ಒಳ್ಳೆಯ ಹಗುರವಲ್ಲ. ಬಸ್ಸಿನಲ್ಲಿ, ವಿಮಾನದಲ್ಲಿ, ಕೈ ಮತ್ತೆ ಮತ್ತೆ ಅಲ್ಲಿಗೇ ಹೋಗಿ ಬರಿದೇ ಬರುತ್ತಿತ್ತು.

ಇಳಿದ ಮೇಲೆ ರಬ್ಬರ್ ಪಟ್ಟಿಯ ಮುಂದೆ ನಿಂತೆವು. ಎಲ್ಲರ ಪೆಟ್ಟಿಗೆಗಳೂ ಬಂದವು. ನನ್ನದು ಬರಲಿಲ್ಲ. ಖಾಲಿ ಪಟ್ಟಿ ಸುತ್ತುತ್ತಲೇ ಇತ್ತು, ನಾನು ನೋಡುತ್ತಲೇ ಇದ್ದೆ. ನಮ್ಮ ಗುಂಪನ್ನು ಕರೆದೊಯ್ದಿದ್ದ ಮೈಸೂರಿನ ಮೇಡಂ ಹೋಗಿ ದೂರು ಕೊಟ್ಟು ಬಂದರು. “ಮುಂಬಯೀಲಿ ವಿಮಾನ ಬದಲಾಯಿಸುವಾಗ ಎಲ್ಲೋ ತಪ್ಪಿದೆ. ನಾಳೆ ಬರುತ್ತಂತೆ ಬಿಡಮ್ಮ. ಬಟ್ಟೆ ತಾನೆ, ನಾವು ಕೊಡ್ತೀವಿ.” ಬಟ್ಟೆಯಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ನಾಳೆಯೂ ಬರಲಿಲ್ಲ. ಹಾಸ್ಟೆಲ್ಲಿನಲ್ಲಿ ಬೆಳಗಿನಿಂದ ಪಾಠ. ಮನೆಯೊಳಗೆ ಹೋಗುವಾಗ ಹೇಗೆ ಮಾತಾಡಿಸಬೇಕು, ಬಾಗಿಲು ಹೇಗೆ ಹಾಕಬೇಕು. ಅದರಲ್ಲಿ ಒಂದು ಮಾತನ್ನು ಪದೇ ಪದೇ ಹೇಳುತ್ತಿದ್ದರು: ಮನೆಯವರು ಪ್ರೀತಿಯಿಂದ ಮಾಡಿ ಬಡಿಸಿದ್ದನ್ನು ಬೇಡ ಎಂದರೆ ಅವರಿಗೆ ಬಹಳ ಬೇಸರವಾಗುತ್ತದೆ. ನಾನು ಸೇಬು, ಹಾಲಿನಲ್ಲಿ ದಿನ ತಳ್ಳುತ್ತಿದ್ದೆ. ಪರದೇಶದ ಯಾವುದೋ ಗೋದಾಮಿನಲ್ಲಿ ನನ್ನ ಲಿಂಗ, ಗುರುತಿಲ್ಲದವರ ಪೆಟ್ಟಿಗೆಗಳ ಅಡಿಯಲ್ಲಿ... ಕಳೆದೇ ಹೋದರೆ? ಬೇರೆ ತರಿಸಿ ಕಟ್ಟುವುದಕ್ಕೆ ಇಲ್ಲಿ ಯಾವ ಅಯ್ಯನವರಿದ್ದಾರೆ? ಮೆಟ್ಟಿಲಲ್ಲಿ ಕಣ್ಣು ಕತ್ತಲೆ ಬಂದು ಕೂತುಬಿಟ್ಟೆ.

ಮೇಡಂ ಆಗ ವಿಷಯ ಕೇಳಿ ತಿಳಿದರು. ಬಯ್ಯಲಿಲ್ಲ. ಆದರೆ ಹೇಳುವುದನ್ನು ಹೇಳಿದರು. “ನೋಡಮ್ಮ, ನಿನ್ನ ನಂಬಿಕೆ ನಿನ್ದು. ಆದ್ರೆ ಹಿಂಗೇ ಉಪವಾಸ ಕೂತ್ರೆ ಆ ಮನೆಯವ್ರಿಗೆ ನಿನ್ನ ಹೆಂಗೆ ಒಪ್ಪಿಸ್ಲಿ? ವಾಪಸ್ ಕಳಿಸ್ಬೇಕಾಗುತ್ತೆ.” ಬಸ್‌ಸ್ಟ್ಯಾಂಡಿನಲ್ಲಿ ಹಾರ ಹಾಕಿ ಬೀಳ್ಕೊಟ್ಟ ವಠಾರದ ಮುಂದೆ ಆ ಹಾರ ಬಾಡುವ ಮೊದಲೇ ಹೋಗಿ ಇಳಿಯುವುದನ್ನು ನೆನೆಸಿಕೊಂಡೆ. ಮೇಡಂ ತಮ್ಮ ಫೋನ್ ಕಾರ್ಡನ್ನು ಕೈಗಿತ್ತು, “ಊರಿಗೆ ಮಾತಾಡು” ಎಂದರು.

ನಮ್ಮ ವಠಾರದಲ್ಲಿ ಫೋನಿರಲಿಲ್ಲ. ತಿರುವಿನಲ್ಲಿದ್ದ ಎಸ್‌ಟಿಡಿ ಬೂತಿಗೆ ಮಾಡಿದೆ. ಬೂತಿನ ತಮಿಳು ಅಣ್ಣ, “ಅಯ್ಯೋ ನೀನಾ ಪಾಪಾ! ಇಡು ಇಡು, ಕರ್ಕೊಂಡು ಬರ್ತೀನಿ, ಆಮೇಲೆ ಮಾಡು” ಎಂದ. ಮತ್ತೆ ಮಾಡಿದಾಗ ಬಂದದ್ದು ಅಮ್ಮನ ದನಿಯಲ್ಲ, ಅಜ್ಜಿಯದು. ಫೋನಿನಲ್ಲಿ ಅವರು ಯಾವಾಗಲೂ ಕೂಗಿಯೇ ಮಾತಾಡುತ್ತಿದ್ದರು.

“ಯಾಕೇ ಅಳ್ತಿದೀಯ?”

ಹೇಳಿದೆ.

“ಉಂಡ್ಯಾ?”

“ಇಲ್ಲಜ್ಜಿ. ಹೆಂಗೆ ಉಣ್ಣಲಿ?”

“ಕೇಳಿಲ್ಲಿ. ನಾಳೆ ಸ್ನಾನ ಮಾಡಿ ಎಡಗೈ ಮುಂದೆ ಹಿಡ್ಕೊ. ದಿನಾ ಹಿಡಿಯಂಗೇ. ಅದ್ರಲ್ಲಿ ಐತೆ ಅಂದ್ಕೊಂಡು ನೋಡು. ಎಷ್ಟು ವರ್ಷ ಕೂತಿದೆ ಆ ಕೈಯಲ್ಲಿ, ಕೈಗೆ ಗೊತ್ತಿರುತ್ತೆ. ಆಮೇಲೆ ಎದ್ದು ಹೊಟ್ಟೆ ತುಂಬ ಉಣ್ಣು.”

“ತಪ್ಪಲ್ವಾ ಅಜ್ಜಿ?”

“ತಪ್ಪೇ. ಪೆಟ್ಟಿಗೇಲಿಡು ಅಂದೋಳು ಯಾರು? ನಾನು. ತಪ್ಪು ನಂದು, ಉಪವಾಸಾನೂ ನಂದೇ. ಅದು ಸಿಗೋತನಕ ನಾನಿಲ್ಲಿ ಉಣ್ಣಲ್ಲ. ನೀನಲ್ಲಿ ಊಟ ಬಿಡಂಗಿಲ್ಲ. ಇಡ್ತೀನಿ, ದುಡ್ಡು ಓಡುತ್ತೆ.”

ಇಟ್ಟೇಬಿಟ್ಟರು.

ಮರುದಿನ ಹಾಸ್ಟೆಲ್ಲಿನ ಕಿಟಕಿಯ ಬಳಿ ಕೂತು ಖಾಲಿ ಅಂಗೈ ಹಿಡಿದುಕೊಂಡೆ. ಎದುರು ಮಂಚದ ಹುಡುಗಿ ಕೈಗೇನೋ ಗಾಯವಾಗಿದೆಯೆಂದು ಭಾವಿಸಿ ಮುಲಾಮು ತಂದುಕೊಟ್ಟಳು. ಆಮೇಲೆ ಊಟದ ಮೇಜಿಗೆ ಹೋಗಿ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ ತಟ್ಟೆಗೆ ಹಾಕಿಕೊಂಡೆ. ಉಪವಾಸವೇ ಸುಲಭವಿತ್ತು ಎಂದು ಮೊದಲ ತುತ್ತಿಗೇ ಗೊತ್ತಾಯಿತು. ಅಜ್ಜಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಕೈ ನಡುಗುತ್ತಿತ್ತು, ಒಮ್ಮೆ ಬಚ್ಚಲಲ್ಲಿ ಬಿದ್ದದ್ದನ್ನು ನಾನೇ ಎತ್ತಿದ್ದೆ. ನಾನು ನುಂಗಿದ ಪ್ರತಿ ತುತ್ತೂ ಅವರ ಬಾಯಿಂದ ಕಿತ್ತುಕೊಂಡಂತೆ ಅನಿಸುತ್ತಿತ್ತು. ಬಿಡೋಣವೆಂದರೆ ಅವರ ಮಾತು...

ಮಾರನೆಯ ದಿನ ಬೂತಿಗೆ ಬಂದದ್ದು ಅಮ್ಮ. “ಎರಡು ಗುಟುಕು ಹಾಲು ಬಿಟ್ರೆ ಏನೂ ಮುಟ್ತಿಲ್ಲ ಕಣೇ. ಮಾತ್ರೆ ಬೇರೆ ನುಂಗ್ತಾರೆ. ಡಾಕ್ಟ್ರು ಬಂದು ಬೈದ್ರು. ‘ನಿಮ್ಮ ಔಷಧಿ ನೀವು ಕೊಡಿ, ನನ್ನ ಲೆಕ್ಕ ನನಗ್ಬಿಡಿ’ ಅಂತ ಅವ್ರಿಗೇ ಹೇಳಿ ಕಳಿಸಿದ್ರು. ಸಿಕ್ತು ಅಂತ ಒಂದು ಸುಳ್ಳು ಹೇಳೇ, ನಿನ್ನ ದಮ್ಮಯ್ಯ.”

ಹೇಳುವವಳಿದ್ದೆ. ಅಂಗೈ ನೋಡಿಕೊಂಡೆ, ಆಗಲಿಲ್ಲ. ಹಣೆ ನೋಡಿ ಪೂಜೆಯಾಗಿದೆಯೋ ಇಲ್ಲವೋ ಹೇಳುವವರಿಗೆ ದನಿ ಕೇಳಿ ಗೊತ್ತಾಗದೆ ಇರುತ್ತದೆಯೇ?

ಆಮೇಲೆ ನಾನು ಮಾಡಿದ್ದು ಒಂದೇ ಕೆಲಸ. ಪಾಠದ ನಡುವೆ ಸಿಕ್ಕ ಸಿಕ್ಕ ಬಿಡುವಿನಲ್ಲಿ ಹಾಸ್ಟೆಲ್ ಕಚೇರಿಯ ಫೋನಿನ ಮುಂದೆ ಹೋಗಿ ನಿಲ್ಲುವುದು. ಸಂದರ್ಶನದಲ್ಲಿ ಒಂದು ವಾಕ್ಯಕ್ಕೆ ತಡವರಿಸಿದ್ದ ನನ್ನ ಇಂಗ್ಲಿಷು ಆ ದಿನಗಳಲ್ಲಿ ವಿಮಾನದವರ ಜೊತೆ ಜಗಳವಾಡುವಷ್ಟು ಬೆಳೆಯಿತು. ಒಳಗೇನಿದೆ ಎಂದು ಕೇಳಿದರು. ದೇವರಿದೆ ಎಂದೆ. ಆ ಕಡೆಯ ಹೆಂಗಸು, ಬಟ್ಟೆಗಳು ಎಂದು ಬರೆದುಕೊಳ್ಳುತ್ತೇನೆ ಎಂದಳು. ಬೇರೆ ಊರಿನಲ್ಲಿ ಪತ್ತೆಯಾಗಿದೆ ಎಂದರು, ಹೊರಟಿದೆ ಎಂದರು. ನಾಳೆ ನಮ್ಮನ್ನೆಲ್ಲ ಮನೆಗಳಿಗೆ ಕಳಿಸುತ್ತಾರೆ ಎನ್ನುವ ಸಂಜೆಯೂ ಅದು ಬಂದಿರಲಿಲ್ಲ.

ಬಂದದ್ದು ಬೆಳಿಗ್ಗೆ. ಒಬ್ಬೊಬ್ಬರ ಮನೆಯವರು ಕಾರು ನಿಲ್ಲಿಸಿ, ಹೆಸರು ಬರೆದ ರಟ್ಟು ಹಿಡಿದು ಒಳಗೆ ಬರುತ್ತಿದ್ದರು. ಅವರ ಹಿಂದೆಯೇ ಒಂದು ವ್ಯಾನು. ನನ್ನ ಸೂಟ್‌ಕೇಸನ್ನು ಹಾಸ್ಟೆಲ್ಲಿನ ಅಂಗಳದಲ್ಲೇ ತೆರೆದೆ. ವಿಭೂತಿ ಗಟ್ಟಿ ಪುಡಿಪುಡಿಯಾಗಿ ಸ್ವೆಟರು, ಸೀರೆ, ಎಲ್ಲ ಬೆಳ್ಳಗಾಗಿತ್ತು. ರೇಷ್ಮೆ ವಸ್ತ್ರದೊಳಗೆ ಕೈ ಹಾಕಿದೆ. ಕರಡಿಗೆ ಇತ್ತು. ಬಿಚ್ಚಿ ನೋಡಿ ಕಣ್ಣಿಗೊತ್ತಿಕೊಂಡೆ. ಸ್ನಾನ, ಪೂಜೆ ಎಲ್ಲ ಆಮೇಲೆ ಎಂದು ಫೋನಿಗೆ ಓಡಿದೆ.

“ಸಿಕ್ತಜ್ಜಿ!”

ಅಜ್ಜಿ ಬೂತಿನವರೆಗೆ ನಡೆದು ಬಂದಿದ್ದರಂತೆ, ಅಮ್ಮನ ಭುಜ ಹಿಡಿದುಕೊಂಡು. ಉಸಿರು ಕೇಳುತ್ತಿತ್ತು.

“ನಿಜಾನಾ?”

“ನಿಜ ಅಜ್ಜಿ. ಕೈಯಲ್ಲೇ ಇದೆ.”

“ಹ್ಞಾಂ.” ಆಮೇಲೆ ಪಕ್ಕಕ್ಕೆ ತಿರುಗಿ ಅಮ್ಮನಿಗೆ, “ಏಯ್, ಒಲೆ ಮೇಲೆ ಅನ್ನಕ್ಕಿಡೇ, ಹೊಟ್ಟೆ ಹಸೀತಿದೆ” ಎಂದರು.

ನನ್ನನ್ನು ಕರೆದೊಯ್ಯಲು ಬಂದ ಮನೆಯೊಡತಿ ನನ್ನ ಸ್ವೆಟರಿನ ಬೆಳ್ಳನೆಯ ಪುಡಿಯನ್ನು ಕಂಡು ಗಾಬರಿಯಾಗದೆ, ಮೆಲ್ಲಗೆ ಕೈಯಿಂದ ಕೊಡವಿದರು. ಆ ಮನೆಯ ಕತೆ ಬೇರೆ. ಅಲ್ಲಿ ನಾನು ಚೆನ್ನಾಗಿಯೇ ಇದ್ದೆ, ಬಡಿಸಿದ್ದನ್ನು ಬೇಡವೆನ್ನಲಿಲ್ಲ, ಮಾಂಸವೊಂದನ್ನು ಬಿಟ್ಟು.

ಊರಿಗೆ ಬಂದಾಗ ವಠಾರದ ಹೊಸ್ತಿಲಲ್ಲಿ ಅಜ್ಜಿ ಕೂತಿದ್ದರು. ಸೊರಗಿದ್ದರು. ನಾನು ಕಾಲಿಗೆ ಬಿದ್ದು ಎದ್ದರೆ ಮೊದಲು ಕೇಳಿದ್ದು, “ಹಣೆ ತೋರ್ಸು.”

ಅವರು ಹೋದದ್ದು ನಾನು ಕೆಲಸಕ್ಕೆ ಸೇರಿ ಕೆಲವು ವರ್ಷಗಳಾದ ಮೇಲೆ. ಶಿವಮೊಗ್ಗದಿಂದ ಓಡಿಬಂದೆ. ನಮ್ಮ ಪದ್ಧತಿಯಂತೆ ಕೂರಿಸಿದ್ದರು, ಹಣೆ ತುಂಬ ವಿಭೂತಿ, ಎಡಗೈಯಲ್ಲಿ ಅವರ ಲಿಂಗ. ಮಣ್ಣಿಗೆ ಇಳಿಸುವವರೆಗೂ ನಾನು ಮುಖಕ್ಕಿಂತ ಆ ಕೈಯನ್ನೇ ನೋಡುತ್ತಿದ್ದೆ. ಅಂದು ಊಟ ಬಿಟ್ಟೆ. ಯಾರೂ ಕೇಳಲಿಲ್ಲ.

ಈಗ ಆ ವಠಾರವಿಲ್ಲ, ಬೂತೂ ಇಲ್ಲ. ಕಳೆದ ವಾರ ಬೆರಳಿಗಂಟಿದ ಪುಡಿಯನ್ನು ಹಣೆಗೆ ಹಚ್ಚಿಕೊಂಡು ಸೂಟ್‌ಕೇಸ್ ಮುಚ್ಚಿದೆ. ಅಟ್ಟಕ್ಕೆ ಮತ್ತೆ ಏರಿಸಿದೆ. ಗುಜರಿಯವನು ಬೈದುಕೊಂಡಿರಬೇಕು. ಈಗ ನನ್ನ ಮೇಜಿನ ಮೇಲೇ ಫೋನಿದೆ, ಯಾವ ದೇಶಕ್ಕೆ ಬೇಕಾದರೂ ಮಾತಾಡಬಹುದು. ಆದರೆ ಉಂಡೆಯಾ ಎಂದು ಕೂಗಿ ಕೇಳಿ, ನಾನು ಉಣ್ಣಲಿ ಎಂದು ತಾವು ಉಪವಾಸ ಕೂರುವವರು ಆ ಕಡೆ ಯಾರೂ ಇಲ್ಲ...