ಉಡಿಯ ತಟ್ಟೆಯ ಮುಂದೆ ಕೇಳಿದ ಒಪ್ಪಿಗೆ

ನಮ್ಮ ಸರ್ ಯಾರನ್ನೂ ಯಾವುದಕ್ಕೂ ಬಲವಂತ ಮಾಡಿದವರಲ್ಲ ಎಂದು ಬಳ್ಳಾರಿಯಲ್ಲಿ ಎಲ್ಲರೂ ಹೇಳುತ್ತಾರೆ. ಮೊನ್ನೆ ಅವರ ಸನ್ಮಾನದಲ್ಲಿ ವೇದಿಕೆ ಹತ್ತಿದ ಶಿಷ್ಯರೆಲ್ಲ ಮಾಲೆಯ ಜೊತೆಗೆ ಇದೇ ಮಾತನ್ನೂ ಹಾಕಿ ಇಳಿದರು. ಮಾತು ಸುಳ್ಳಲ್ಲ. ಆದರೆ ಸುಳ್ಳಲ್ಲದ್ದೆಲ್ಲ ಪೂರ್ತಿ ನಿಜವೇ? ನನಗೆ ಅನುಮಾನವಿದೆ. ಅನುಮಾನ ಪಡುವುದನ್ನು ಕಲಿಸಿದವರೂ ಅವರೇ.

ಸರ್ ಕುರುಗೋಡಿನವರು, ಬಳ್ಳಾರಿಯ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿದವರು. ವ್ಯಕ್ತಿಸ್ವಾತಂತ್ರ್ಯದ ಬಗ್ಗೆ ಅವರು ಬರೆದದ್ದನ್ನು ಓದಿ ಜಾತಿ ಮೀರಿ ಮದುವೆಯಾದವರಿದ್ದಾರೆ, ಅಪ್ಪನ ಎದುರು ನಿಂತವರಿದ್ದಾರೆ. ಅವರಿಗೆ ದೇವರ ಮೇಲೆ ನಂಬಿಕೆಯಿಲ್ಲ. ಆದರೂ ಹೆಂಡತಿ ಗುಡಿಗೆ ಹೊರಟರೆ ತಾವೇ ಬಿಟ್ಟುಬರುತ್ತಾರೆ. "ನಂಬಿಕಿ ಅಕೀದು, ಸ್ಕೂಟರ್ ನಂದು" ಎನ್ನುತ್ತಾರೆ. ಕಂಟೋನ್ಮೆಂಟಿನ ಅವರ ಮನೆಯಲ್ಲಿ ಭಾನುವಾರ ನಮಗೆ ಚರ್ಚೆಯ ತಾಲೀಮು. ಅಲ್ಲಿ ಒಂದೇ ನಿಯಮ: ಎದುರಾಳಿಯ ವಾದವನ್ನು ಮೊದಲು ಅವನಿಗಿಂತ ಚೆನ್ನಾಗಿ ಹೇಳಬೇಕು. ಅವನು ಹೌದು ಎಂದ ಮೇಲೆಯೇ ಮುರಿಯಬೇಕು.

ಅಜ್ಜ ತೀರಿದ ಮೇಲೆ ಸಿರುಗುಪ್ಪದಲ್ಲಿ ನನ್ನ ಮೂವರು ಮಾವಂದಿರ ಆಸ್ತಿ ಪಾಲು ಮಾಡಿಸಲು ಸರ್ ಹಿರಿಯರಾಗಿ ಬಂದರು. ದೊಡ್ಡ ಮಾವ ಅವರ ಹಳೆಯ ಶಿಷ್ಯ. ನಮ್ಮಲ್ಲಿ ಹಿರಿಯ ಮಗ ಪಾಲು ಮಾಡುತ್ತಾನೆ, ಕಿರಿಯ ಮೊದಲು ಆರಿಸಿಕೊಳ್ಳುತ್ತಾನೆ. ಉಳಿದದ್ದು ಹಿರಿಯನಿಗೆ. ಕಾಲುವೆಯ ಪಕ್ಕದ ಭತ್ತದ ಗದ್ದೆ ಒಂದು ಕಡೆ, ಕೊನೆಯ ಚೌಳು ನೆಲ ಇನ್ನೊಂದು ಕಡೆ. ತನಗೆ ಯಾವುದು ಬರುತ್ತದೋ ಗೊತ್ತಿಲ್ಲದೆ ದೊಡ್ಡ ಮಾವ ಬದುವನ್ನು ಅಳೆದ, ಅಳಿಸಿದ, ಮತ್ತೆ ಅಳೆದ. ಸರ್ ನನ್ನ ಕಡೆ ತಿರುಗಿ, ತಾವು ಪಾಠದಲ್ಲಿ ಒದ್ದಾಡಿ ಹೇಳುವ ನ್ಯಾಯ ಇದೇ ನೋಡು ಎಂದು ಹಿಗ್ಗಿದರು. ನಾನೂ ಹಿಗ್ಗಿದೆ.

ಆಮೇಲೆ ಹೆಣ್ಣುಮಕ್ಕಳ ಸರದಿ ಬಂತು. ಪಡಸಾಲೆಯಲ್ಲಿ ನಮ್ಮವ್ವ, ಅವಳ ತಂಗಿ ಚಿಗವ್ವ ಇಬ್ಬರನ್ನೂ ಮಣೆಯ ಮೇಲೆ ಕೂಡಿಸಿದ್ದರು. ಎದುರಿಗೆ ಉಡಿ ತುಂಬುವ ತಟ್ಟೆಗಳು ಸಿದ್ಧವಾಗಿದ್ದವು: ಸೀರೆ, ಕುಬುಸದ ಕಣ, ಅಕ್ಕಿ, ಕೊಬ್ಬರಿ, ಅರಿಶಿನ ಕೊಂಬು. ಪಾಲು ಬೇಡ ಎಂದವಳಿಗೆ ತವರು ಉಡಿ ತುಂಬಿ ಕಳಿಸುತ್ತದೆ. ಬೇಕು ಎಂದವಳಿಗೆ ಆ ಹೊಸ್ತಿಲು ಅಲ್ಲಿಗೆ ಮುಗಿಯಿತು. ಇನ್ನೂ ಯಾರೂ ಏನೂ ಕೇಳಿರಲಿಲ್ಲ, ತಟ್ಟೆ ಮಾತ್ರ ಬಂದು ಕೂತಿತ್ತು.

ಅವ್ವ ಬಳ್ಳಾರಿಯಲ್ಲಿ ಸ್ವಂತ ಮನೆಯಿದ್ದವಳು. ನಗುತ್ತಲೇ ಬೇಡ ಅಂದಳು. ಚಿಗವ್ವನನ್ನು ಗಂಡ ಬಿಟ್ಟಿದ್ದ. ತವರಿನ ಹಿಂದಿನ ಖೋಲಿಯೇ ಅವಳ ಸಂಸಾರ. ಕಾನೂನಿನಲ್ಲಿ ಅವಳಿಗೂ ಸಮಪಾಲಿದೆ ಎಂದು ಸರ್ ಎಲ್ಲರಿಗೂ ಕೇಳುವಂತೆ ವಿವರಿಸಿದರು. ನಂತರ ಕೇಳಿದರು: "ನಿನ್ನ ಮನಸ್ಸಿಗೆ ಬಂದದ್ದು ಹೇಳವ್ವಾ. ಪಾಲು ಬೇಕೋ, ಬ್ಯಾಡೋ?"

ಚಿಗವ್ವ ತಟ್ಟೆಯನ್ನು ನೋಡಿದಳು. "ನನಗ್ಯಾತಕ್ಕರೀ ಸರ. ತವರಿದ್ರ ಸಾಕು."

ಸರ್ ಇನ್ನೊಮ್ಮೆ ಕೇಳಿದರು. ಅದೇ ಉತ್ತರ. ಅವಳು ಸೆರಗೊಡ್ಡಿದಳು, ಅತ್ತೆಯರು ಅಕ್ಕಿ ಸುರಿದರು.

ವಾಪಸು ಬರುವ ಬಸ್ಸಿನಲ್ಲಿ ನಾನು ಜಗಳಕ್ಕೆ ನಿಂತೆ. ಸರ್ ತಾಳ್ಮೆಯಿಂದ ಕೇಳಿಸಿಕೊಂಡು, "ಬ್ಯಾಡ ಅಂದಾಕಿ ಕೈಯಾಗ ಭೂಮಿ ತುರುಕಾಕ ನಾ ಯಾರವ್ವಾ? ಅಕಿ ಮನಸ್ಸು ಅಕಿಗಿಂತ ನೀ ಹೆಚ್ಚು ಬಲ್ಲೇನು?" ಅಂದರು.

ಮನೆ ಸಣ್ಣ ಮಾವನ ಪಾಲಿಗೆ ಬಂದಿತ್ತು. ಟ್ರ್ಯಾಕ್ಟರ್ ನಿಲ್ಲಿಸಲು ಅವನು ಹಿಂದಿನ ಖೋಲಿ ಕೆಡವಿದ. ಯಾರೂ ಅವಳನ್ನು ಹೋಗು ಎನ್ನಲಿಲ್ಲ. ಮಲಗುವ ಜಾಗ ಇಲ್ಲವಾಯಿತು, ಅಷ್ಟೇ. ಚಿಗವ್ವ ಬಳ್ಳಾರಿಗೆ ಬಂದು ಜೀನ್ಸ್ ಹೊಲಿಯುವಲ್ಲಿ ದಾರ ಕತ್ತರಿಸುವ ಕೆಲಸ ಹಿಡಿದಳು. ನಮ್ಮ ಮನೆಯಲ್ಲಿರು ಎಂದರೆ, ಅಕ್ಕನ ಗಂಡನ ಅನ್ನ ಒಂದು ದಿನ ಚೆಂದ ಎಂದು ಒಪ್ಪಲಿಲ್ಲ. ಬಾಡಿಗೆಯ ಒಂಟಿ ಕೋಣೆಯಲ್ಲಿ ಕೆಮ್ಮು ಹತ್ತಿತು. ಹಾಸಿಗೆ ಹಿಡಿದಾಗ ಒಂದು ಸಂಜೆ ಕೇಳಿಯೇಬಿಟ್ಟೆ, ಅವತ್ತು ಯಾಕೆ ಬೇಡ ಅಂದೆ ಎಂದು.

"ಹುಚ್ಚಿ," ಅಂದಳು. "ಬೇಕು ಅಂದಿದ್ರ ಅವತ್ತ ಮಲಗಾಕ ಎಲ್ಲಿಗೆ ಹೋಗಬೇಕಿತ್ತು?"

ಅವಳು ಸತ್ತಾಗ ಮಾವಂದಿರು ಮಣ್ಣಿಗೆ ತವರಿನ ಸೀರೆ ತಂದರು. ರೇಷ್ಮೆಯದೇ. ಮಾತು ತಪ್ಪಿದರು ಎಂದು ಅವರ ಮೇಲೂ ಹೇಳುವಂತಿಲ್ಲ.

ಸನ್ಮಾನದ ಮರುದಿನ ಸರ್ ಮನೆಗೆ ಹೋದೆ. ಮಾಲೆಗಳು ಕುರ್ಚಿಯ ಮೇಲೆ ಬಾಡುತ್ತಿದ್ದವು. ನಿಯಮದ ಪ್ರಕಾರ ಮೊದಲು ಅವರ ವಾದವನ್ನೇ ಹೇಳಿದೆ: ಬೇರೆಯವರ ಒಳಿತನ್ನು ನಾವು ತೀರ್ಮಾನಿಸಬಾರದು, ವಿಷಯ ತಿಳಿಸಬೇಕು, ಕೇಳಬೇಕು, ಬಂದ ಉತ್ತರವನ್ನು ಗೌರವಿಸಬೇಕು. ನೀವು ಮೂರನ್ನೂ ಮಾಡಿದಿರಿ.

"ಹೌದು," ಅಂದರು ಸರ್. "ನನಗಿಂತ ಚೊಲೋ ಹೇಳಿದಿ."

"ಹಂಗಾರ ಕೇಳತೀನಿ ಸರ್. ಅವತ್ತು ಚಿಗವ್ವ ಬೇಕು ಅಂದಿದ್ರ, ನಮ್ಮ ಜೋಡಿ ಅದ ಬಸ್ಸಿನಾಗ ಅಕಿನ್ನ ಈ ಮನಿಗೆ ಕರಕೊಂಡು ಬರತಿದ್ರೇನು?"